ಸೋಮಾರಿಯಲ್ಲ, ಹೊಟ್ಟೆಬಾಕನೂ ಅಲ್ಲ

ಹದಿಹರೆಯದ ಮಗನೋ ಮಗಳೋ ಹೇಳಿದ ಕೆಲಸವನ್ನು ಅರ್ಧಕ್ಕೇ ಬಿಟ್ಟೇಳುವುದು, ಪುಸ್ತಕ ಹಿಡಿದೊಡನೆ ಮನಸ್ಸು ಬೇರೆಡೆಗೆ ಹರಿಯುವುದು, ಹೊತ್ತುಗೊತ್ತಿಲ್ಲದೆ ತಿಂಡಿಯ ಡಬ್ಬಿಗೆ ಕೈಹಾಕುವುದು, ಮೈಯಲ್ಲಿ ಬೊಜ್ಜು ಬೆಳೆಯುವುದು, ಇವನ್ನೆಲ್ಲ ಕಂಡ ಹಿರಿಯರು ‘ಸೋಮಾರಿ’, ‘ಹೊಟ್ಟೆಬಾಕ’ ಎಂದು ಸುಲಭವಾಗಿ ಹೆಸರಿಟ್ಟುಬಿಡುತ್ತಾರೆ. ಇಂಥ ಮಕ್ಕಳಲ್ಲಿ ಕೆಲವರಿಗಿರುವುದು ದುರ್ಗುಣವಲ್ಲ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ ಎಂಬುದನ್ನು ತಾಯ್ತಂದೆಗಳ ಗಮನಕ್ಕೆ ತರುವುದು ಈ ಸಂಚಿಕೆಯಲ್ಲಿ ನಮ್ಮ ಉದ್ದೇಶ.

ವೈದ್ಯರು ಇದನ್ನು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ ಎಂದು ಕರೆಯುತ್ತಾರೆ. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಕುರಿತು ಜಾರ್ಜ್ ಸ್ಟಿಲ್ ಎಂಬ ವೈದ್ಯರು 1902ರಲ್ಲಿಯೇ ಲಂಡನ್ನಿನಲ್ಲಿ ಉಪನ್ಯಾಸ ನೀಡಿದ್ದರು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ಮಕ್ಕಳ ಮಿದುಳಿನ ಚಿತ್ರಗಳನ್ನು ಹೋಲಿಸಿ, ಈ ತೊಂದರೆಯುಳ್ಳವರಲ್ಲಿ ಮಿದುಳಿನ ಹೊರಪದರವು ಪಕ್ವವಾಗುವುದು ಸುಮಾರು 3 ವರ್ಷ ತಡವಾಗುತ್ತದೆಂದೂ ಹಣೆಯ ಹಿಂದಿನ ಭಾಗದಲ್ಲಿ ಆ ವಿಳಂಬ ಹೆಚ್ಚೆಂದೂ ತೋರಿಸಿದರು.

ಮನಸ್ಸಿನ ಮನೆವಾರ್ತೆಯನ್ನು ನಡೆಸುವುದರಲ್ಲಿ ಆ ಭಾಗದ ಪಾತ್ರ ದೊಡ್ಡದು. ಯಾವುದು ಮೊದಲು, ಯಾವುದು ನಂತರ, ಎಷ್ಟು ಸಾಕು, ಎಲ್ಲಿ ನಿಲ್ಲಿಸಬೇಕು ಎಂದು ನಿರ್ಣಯಿಸುವ ಈ ಕಾರ್ಯನಿರ್ವಹಣಾ ಶಕ್ತಿ ಇನ್ನೂ ಎಳೆಯದಾಗಿದ್ದರೆ, ತುಂಬಿದ ಕಣಜದ ಬೀಗದ ಕೈಯನ್ನು ಮಗುವಿಗೆ ಒಪ್ಪಿಸಿದಂತಾಗುತ್ತದೆ.

ಊಟದ ವಿಷಯದಲ್ಲಿಯೂ ಇದೇ ಕತೆ. ಬೆಳಿಗ್ಗೆ ತಿನ್ನುವುದನ್ನೇ ಮರೆತ ಮಗು ಸಂಜೆ ಕಂಡದ್ದನ್ನೆಲ್ಲ ತಿನ್ನುತ್ತದೆ. ಹೊಟ್ಟೆ ತುಂಬಿತೆಂಬ ಅರಿವು ಕೈಯನ್ನು ತಡೆಯುವುದಿಲ್ಲ. ರಾತ್ರಿ ನಿದ್ರೆ ತಡವಾದಷ್ಟೂ ಮರುದಿನದ ಹಸಿವು ಹದತಪ್ಪುತ್ತದೆ. 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಈ ತೊಂದರೆಯುಳ್ಳ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಬೊಜ್ಜಿದ್ದರೆ, ಇತರ ಮಕ್ಕಳಲ್ಲಿ ಆ ಸಂಖ್ಯೆ ಸುಮಾರು 7. ವಯಸ್ಕರಲ್ಲಿ ಕ್ರಮವಾಗಿ ಸುಮಾರು 28 ಮತ್ತು 16. ಎಲ್ಲ ಮಕ್ಕಳೂ ದಪ್ಪಗಾಗುವುದಿಲ್ಲ. ಆದರೆ ವಯಸ್ಸಾದಂತೆ ಅಂತರ ಹಿರಿದಾಗಿ ಕಾಣುವುದರಿಂದ ಎಳವೆಯಲ್ಲಿಯೇ ಎಚ್ಚರ ವಹಿಸುವುದು ಒಳಿತು.

ಎಲ್ಲಕ್ಕಿಂತ ಆಳವಾದ ಗಾಯ ಆತ್ಮಗೌರವಕ್ಕೆ ಆಗುವುದು. ಶಾಲೆಯಲ್ಲಿ ಗದರಿಕೆ, ಮನೆಯಲ್ಲಿ ಅಣ್ಣತಮ್ಮಂದಿರೊಡನೆ ಹೋಲಿಕೆ, ಮದುವೆಮನೆಯಲ್ಲಿ ನೆಂಟರಿಷ್ಟರ ನಡುವೆ “ಎಷ್ಟು ಊದಿಕೊಂಡಿದ್ದೀಯ!” ಎಂಬ ನಗೆಮಾತು. ಇದನ್ನೇ ದಿನವೂ ಕೇಳಿದ ಮಗು ತಾನು ಯಾವುದಕ್ಕೂ ಬಾರದವನೆಂದು ನಂಬತೊಡಗುತ್ತದೆ. ಆಟದ ಬಯಲನ್ನು ಬಿಡುತ್ತದೆ, ಬಚ್ಚಿಟ್ಟು ತಿನ್ನುತ್ತದೆ. ನಾಚಿಕೆಪಡಿಸಿ ತೂಕ ಇಳಿಸಲಾಗದು. ನಾಚಿಕೆಯೇ ತೂಕವನ್ನು ಹೆಚ್ಚಿಸುವುದುಂಟು.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮಗುವಿನೊಳಗೆ ಇನ್ನೂ ಬಲಿಯದ ಕ್ರಮವನ್ನು ಹೊರಗಿನಿಂದ ಒದಗಿಸಬೇಕು. ಊಟಕ್ಕೂ ನಿದ್ರೆಗೂ ನಿಶ್ಚಿತ ವೇಳೆ ಇರಲಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ. ದಿನದ ಕೆಲಸಗಳ ಪಟ್ಟಿಯನ್ನು ಮಗುವೇ ಬರೆದು ಗೋಡೆಗೆ ಅಂಟಿಸಲಿ. ಕರಿದ ತಿಂಡಿ ಕಣ್ಣೆದುರಿಗಿರದಿರಲಿ. ಮಗುವಿಗೆ ಪ್ರತ್ಯೇಕ ಪಥ್ಯ ವಿಧಿಸದೆ ಮನೆಮಂದಿಯೆಲ್ಲ ಅದೇ ರೊಟ್ಟಿ, ಪಲ್ಯ, ಕೋಸಂಬರಿ ಉಣ್ಣಲಿ. ಮಗುವಿಗೆ ಮೆಚ್ಚಾದ ಆಟವೊಂದು ನಿತ್ಯವೂ ನಡೆಯಲಿ. ಮಲಗುವ ಕೋಣೆಗೆ ಮೊಬೈಲ್ ಬೇಡ. ಪೂರೈಸಿದ ಸಣ್ಣ ಕೆಲಸವನ್ನೂ ಹೆಸರಿಸಿ ಮೆಚ್ಚಿರಿ.

ತೊಂದರೆ ಇದೆಯೇ ಎಂಬುದನ್ನು ನಿರ್ಣಯಿಸಬೇಕಾದವರು ತಜ್ಞರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಮೀಥೈಲ್‌ಫೆನಿಡೇಟ್‌ನಂಥ ಔಷಧಿಗಳು ಹಸಿವನ್ನು ತಗ್ಗಿಸುವುದುಂಟು. ತೂಕ ಇಳಿಸಲೆಂದು ಅವನ್ನು ಕೊಡತಕ್ಕದ್ದಲ್ಲ. ವೈದ್ಯರು ಕೊಟ್ಟಾಗಲೂ ಮಗುವಿನ ಎತ್ತರ, ತೂಕಗಳನ್ನು ಆಗಾಗ ಅಳೆಯಿಸುತ್ತಿರಬೇಕು.

ಓದುಗ ತಾಯ್ತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೇ: ಇಂದಿನ ಊಟದ ಪಂಕ್ತಿಯಲ್ಲಿ ಮಗುವಿನ ತೂಕದ ಮಾತು ಬಾರದಿರಲಿ. ಚಿಕಿತ್ಸೆಯ ಮೊದಲ ಹೆಜ್ಜೆಯನ್ನು ಅಲ್ಲಿಂದಲೇ ಇಡಬಹುದು.