ಹೊಗೆಯ ಬೆಲೆ, ಮಣ್ಣಿನ ಋಣ

ಇಂಗಾಲಕ್ಕೆ ಬೆಲೆ ಕಟ್ಟಬೇಕೆ ಬೇಡವೆ ಎಂಬ ಚರ್ಚೆ ನಮ್ಮಲ್ಲಿ ನಡೆಯುವ ರೀತಿಯನ್ನು ಗಮನಿಸಿದರೆ, ಇದು ಯೂರೋಪಿನವರು ಹೊಸದಾಗಿ ನಮ್ಮ ತಲೆಯ ಮೇಲೆ ಹೇರುತ್ತಿರುವ ಹೊರೆ ಎಂಬ ಭಾವನೆಯೇ ಬಲವಾಗಿರುವಂತೆ ತೋರುತ್ತದೆ. ವಸ್ತುಸ್ಥಿತಿ ಬೇರೆ. ಭಾರತ 2010ರ ಜುಲೈಯಿಂದಲೇ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಶುದ್ಧ ಇಂಧನ ಸೆಸ್ಸನ್ನು ವಿಧಿಸಿತ್ತು. ಅದು 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂಪಾಯಿಗೆ ಏರಿತು. ಒಂದು ಟನ್ ಕಲ್ಲಿದ್ದಲು ಉರಿದರೆ ಸುಮಾರು ಒಂದೂವರೆ ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಲೆಕ್ಕದಲ್ಲಿ ನಾವು ಟನ್ ಹೊಗೆಗೆ ಇನ್ನೂರೈವತ್ತು ರೂಪಾಯಿಗೂ ಮೀರಿದ ಬೆಲೆಯನ್ನು ಕಟ್ಟಿದ್ದೆವು. ಹೆಸರು ಬೇರೆಯಾಗಿತ್ತು, ಅಷ್ಟೆ.

ಆದುದರಿಂದ ಕೇಳಬೇಕಾದ ಪ್ರಶ್ನೆ ಬೆಲೆ ಕಟ್ಟಬೇಕೆ ಎಂಬುದಲ್ಲ. ಕಟ್ಟಿಸಿಕೊಂಡ ಹಣ ಎಲ್ಲಿಗೆ ಹೋಯಿತು ಎಂಬುದು.

2010-11ರಿಂದ 2017-18ರವರೆಗೆ ಈ ಬಾಬಿನಲ್ಲಿ ಸಂಗ್ರಹವಾದ ಮೊತ್ತ ಸುಮಾರು 86,000 ಕೋಟಿ ರೂಪಾಯಿ. ಅದರಲ್ಲಿ ಇದಕ್ಕೆಂದೇ ಸ್ಥಾಪಿಸಿದ ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ವರ್ಗಾವಣೆಯಾದದ್ದು ಸುಮಾರು 29,600 ಕೋಟಿ; ಯೋಜನೆಗಳಿಗೆ ನಿಜವಾಗಿ ವಿನಿಯೋಗವಾದದ್ದು ಸುಮಾರು 15,900 ಕೋಟಿ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ 400 ರೂಪಾಯಿ ಹಾಗೆಯೇ ಉಳಿಯಿತು, ಉದ್ದೇಶ ಮಾತ್ರ ಬದಲಾಯಿತು: ರಾಜ್ಯಗಳಿಗಾಗುವ ವರಮಾನ ನಷ್ಟದ ಪರಿಹಾರಕ್ಕೆ ಅದು ಮೀಸಲಾಯಿತು. ರಾಜ್ಯಗಳಿಗೆ ಪರಿಹಾರ ಕೊಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಒಕ್ಕೂಟ ಧರ್ಮಕ್ಕೆ ಅದು ಅಗತ್ಯವಾಗಿತ್ತು. ಆದರೆ ಹೊಗೆಯ ಹೆಸರಿನಲ್ಲಿ ಎತ್ತಿದ ಹಣಕ್ಕೂ ಹೊಗೆಗೂ ಇದ್ದ ನಂಟು ಅಲ್ಲಿಗೆ ಕಡಿಯಿತು. 2025ರ ಸೆಪ್ಟೆಂಬರ್ 22ರಂದು ಆ ಸೆಸ್ಸೂ ರದ್ದಾಗಿ, ಕಲ್ಲಿದ್ದಲಿನ ಜಿ.ಎಸ್.ಟಿ. ಶೇಕಡಾ 5ರಿಂದ 18ಕ್ಕೆ ಏರಿತು. ತೂಕದ ಮೇಲಿದ್ದ ತೆರಿಗೆ ಬೆಲೆಯ ಮೇಲಿನ ತೆರಿಗೆಯಾಯಿತು. ಫಲವಾಗಿ ಅಗ್ಗದ, ಕೆಳದರ್ಜೆಯ ಕಲ್ಲಿದ್ದಲಿನ ಮೇಲಿನ ಒಟ್ಟು ಭಾರ ಇಳಿಯಿತು.

ಕೇಂದ್ರ ಸರ್ಕಾರದ ಸೇವೆಯಲ್ಲಿ ಮೂರು ದಶಕಗಳನ್ನು ಕಡತಗಳೊಡನೆ ಕಳೆದವನು ನಾನು. ಇಲ್ಲಿ ಹೇಳುತ್ತಿರುವುದು ನನ್ನ ಸ್ವಂತ ಅಭಿಪ್ರಾಯ, ಯಾವ ಇಲಾಖೆಯದೂ ಅಲ್ಲ. ಆದರೆ ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ: ಸಂಚಿತ ನಿಧಿಯೊಳಗೆ ಬಿದ್ದ ರೂಪಾಯಿಗೆ ಹುಟ್ಟೂರು ನೆನಪಿರುವುದಿಲ್ಲ. ಕಾನೂನು ನೆನಪಿಸಿದರೆ ಮಾತ್ರ ಅದು ಹಿಂತಿರುಗಿ ಹೋಗುತ್ತದೆ. ಕೆಲವೊಮ್ಮೆ ಕಾನೂನು ನೆನಪಿಸಿದರೂ ಸಾಲದು. ಅದಕ್ಕೆ ನಮ್ಮ ಬಳ್ಳಾರಿಯೇ ಸಾಕ್ಷಿ.

ಚೀನಾದ ಬೇಡಿಕೆಯಿಂದ ಕೆಂಪು ಮಣ್ಣು ಚಿನ್ನವಾದ ಆ ವರ್ಷಗಳ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು, ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ವಿಚಾರಣೆಯಲ್ಲಿ, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ನ್ಯಾಯಾಲಯ ಕೈಗೊಂಡ ಎರಡು ಕ್ರಮಗಳು ಇಂದಿನ ಚರ್ಚೆಗೆ ಬಹಳ ಉಪಯುಕ್ತವಾದವು. ಮೊದಲನೆಯದು, ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದೆಂಬ ಮೇರೆ: ಬಳ್ಳಾರಿಗೆ 250 ಲಕ್ಷ ಟನ್, ಚಿತ್ರದುರ್ಗ ತುಮಕೂರುಗಳಿಗೆ ಕೂಡಿ 50 ಲಕ್ಷ ಟನ್. (ಈ ಮೇರೆಯನ್ನು ಆಮೇಲೆ ಹಂತಹಂತವಾಗಿ ಸಡಿಲಿಸಲಾಗಿದೆ.) ಎರಡನೆಯದು, ಹರಾಜಾದ ಅದಿರಿನ ಹಣದಲ್ಲಿ ಒಂದು ಪಾಲನ್ನು ಗಾಯಗೊಂಡ ನೆಲದ ಪುನಶ್ಚೇತನಕ್ಕೆಂದೇ ಬೇರೆಯಾಗಿ ಇರಿಸುವ ಏರ್ಪಾಡು.

ಪಾಲು ಬೇರೆಯಾಯಿತು. ಅದನ್ನು ಖರ್ಚು ಮಾಡಲು 2014ರಲ್ಲಿ ಒಂದು ನಿಗಮವೂ ಹುಟ್ಟಿತು. ಹಣ ಹತ್ತು ಸಾವಿರ ಕೋಟಿ ರೂಪಾಯಿಗೂ ಮೀರಿ ಬೆಳೆಯಿತು, ಬಡ್ಡಿಯೂ ಬೆಳೆಯಿತು. ಸಂಡೂರಿನ ಗುಡ್ಡಗಳು ಮಾತ್ರ ವರ್ಷಗಟ್ಟಲೆ ಕಾದವು. ಯೋಜನೆಯ ಕರಡು, ಅದರ ಮೇಲೆ ಆಕ್ಷೇಪ, ಆಕ್ಷೇಪಕ್ಕೆ ಉತ್ತರ, ಮತ್ತೊಂದು ಕರಡು ಎಂದು ಕಾಲ ಸರಿದು, 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಿದ ಮೇಲಷ್ಟೇ ಹಣ ಅಲುಗಾಡುವ ದಾರಿ ತೆರೆಯಿತು. ಕೇಂದ್ರದ ಸೆಸ್ಸಿನಲ್ಲಿ ಹಣ ದಾರಿ ತಪ್ಪಿತು. ಬಳ್ಳಾರಿಯಲ್ಲಿ ಹಣ ದಾರಿಯಲ್ಲೇ ಕುಳಿತಿತು. ಧೂಳು ಕುಡಿದ ರೈತನಿಗೆ ಈ ಎರಡರ ನಡುವೆ ವ್ಯತ್ಯಾಸವೇನೂ ಇಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ಬರೀ ತವರಿನ ಸುದ್ದಿಯಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಉರಿಯುವುದು ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದಿಂದ, ಒಡಿಶಾದಿಂದ ಬರುವ ಇಂಧನದ ಮೇಲೆ. ವರ್ಗಾವಣೆಯ ದೆಸೆಯಿಂದ ಕೆಲವು ವರ್ಷ ನಾಗಪುರದಲ್ಲಿದ್ದಾಗ ನಾನು ಚಂದ್ರಾಪುರದ ಗಣಿಗಳ ಅಂಚಿನ ಊರುಗಳನ್ನು ಕಂಡಿದ್ದೇನೆ. ಬೆಳಿಗ್ಗೆ ಹರವಿದ ಬಟ್ಟೆ ಸಂಜೆಯ ಹೊತ್ತಿಗೆ ಮಾಸಿರುತ್ತಿತ್ತು. ಬಳ್ಳಾರಿಯ ಧೂಳನ್ನು ಕುರಿತು ಹೊರಗಿನವರು ಮಾತನಾಡಲಿ ಎಂದು ನಾವು ಬಯಸುವುದಾದರೆ, ನಮ್ಮ ಮನೆಗಳನ್ನು ಬೆಳಗುವ ಚಂದ್ರಾಪುರದ, ಸಿಂಗರೇಣಿಯ ಧೂಳನ್ನು ಕುರಿತು ನಾವೂ ಮಾತನಾಡಬೇಕಾಗುತ್ತದೆ.

ಇಂಗಾಲದ ತೆರಿಗೆ ಬಡವರ ಮೇಲೆ ಬೀಳುತ್ತದೆ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿದರೆ, ಟನ್ನಿಗೆ 400 ರೂಪಾಯಿಯ ಸೆಸ್ ಯೂನಿಟ್ಟಿಗೆ 28 ಪೈಸೆಯಾಗುತ್ತದೆ. ತಿಂಗಳಿಗೆ ಐವತ್ತು ಯೂನಿಟ್ ಬಳಸುವ ಮನೆಗೆ ಅದು ಹದಿನಾಲ್ಕು ರೂಪಾಯಿ. ಅಷ್ಟನ್ನು ಆ ಮನೆಗೆ ರಿಯಾಯಿತಿಯಾಗಿ ಹಿಂತಿರುಗಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್ ಹೊಗೆ ಬಿಡುವ ನಮ್ಮನ್ನು ಹದಿನಾಲ್ಕು ಟನ್ ಬಿಡುವ ಅಮೆರಿಕದವರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯವೆಂಬ ಮಾತೂ ಸರಿಯೇ. ಆದರೆ ಅದು ಜಗತ್ತಿನ ಮುಂದೆ ಹೂಡಬೇಕಾದ ವಾದ. ಚಂದ್ರಾಪುರದವರ ಮುಂದೆ, ಸಂಡೂರಿನವರ ಮುಂದೆ ಆ ವಾದವನ್ನು ಹೂಡಲು ನಮಗೆ ಮುಖವಿಲ್ಲ.

ಇನ್ನು ಐರೋಪ್ಯ ಒಕ್ಕೂಟದ ಗಡಿ ಸುಂಕದ ವಿಚಾರ. 2023ರ ಅಕ್ಟೋಬರ್‌ನಿಂದ ವರದಿಯ ಹಂತದಲ್ಲಿದ್ದ ಅದು 2026ರ ಜನವರಿಯಿಂದ ನಿಜವಾದ ಹೊರೆಯಾಗಿ ಜಾರಿಗೆ ಬಂದಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರಗಳು ಅದರ ವ್ಯಾಪ್ತಿಯಲ್ಲಿವೆ. ಇದು ಪರಿಸರದ ವೇಷ ತೊಟ್ಟ ವ್ಯಾಪಾರ ತಂತ್ರವೆಂದು ಟೀಕಿಸಲು ಕಾರಣಗಳಿವೆ. ಆದರೂ ಅದರಲ್ಲಿ ಒಂದು ನಿಯಮವಿದೆ: ತಯಾರಾದ ದೇಶದಲ್ಲಿಯೇ ಇಂಗಾಲದ ಬೆಲೆ ಕಟ್ಟಿದ್ದರೆ ಅಷ್ಟನ್ನು ಕಳೆದುಕೊಳ್ಳಬಹುದು. ಅಂದರೆ ಇಲ್ಲಿ ನಾವು ಎತ್ತದೆ ಬಿಟ್ಟ ಹಣವನ್ನು ಅಲ್ಲಿ ಅವರು ಎತ್ತಿಕೊಳ್ಳುತ್ತಾರೆ. ಅದಿರು ನಮ್ಮದು, ಧೂಳು ನಮ್ಮದು, ತೆರಿಗೆ ಅವರದು ಎಂಬ ಸ್ಥಿತಿಯನ್ನು ಸ್ವಾಭಿಮಾನವೆಂದು ಕರೆಯಲಾಗದು.

2023ರಲ್ಲಿ ಅಧಿಸೂಚಿತವಾದ ನಮ್ಮದೇ ಇಂಗಾಲ ಸಾಲಪತ್ರಗಳ ವಹಿವಾಟಿನ ಯೋಜನೆ ಸ್ವಾಗತಾರ್ಹ. ಆದರೆ ಅದು ನಿಗದಿಪಡಿಸುವುದು ಪ್ರತಿ ಟನ್ ಉತ್ಪನ್ನಕ್ಕೆ ಎಷ್ಟು ಹೊಗೆ ಎಂಬ ಪ್ರಮಾಣವನ್ನು. ಒಟ್ಟು ಹೊಗೆಗೆ ಅದರಲ್ಲಿ ಮೇರೆಯಿಲ್ಲ. ಅಲ್ಲದೆ ಆ ವಹಿವಾಟಿನ ಹಣ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುವುದೇ ಹೊರತು ಗಣಿಯ ಊರಿಗೆ ಬರುವುದಿಲ್ಲ.

ಆದುದರಿಂದ ನನ್ನ ಬೇಡಿಕೆ ಸರಳವಾದದ್ದು. ಕಲ್ಲಿದ್ದಲಿನ ಮೇಲೆ ತೂಕದ ಲೆಕ್ಕದ ತೆರಿಗೆ ಮತ್ತೆ ಬರಲಿ. ಅದರ ಒಂದು ಗೊತ್ತಾದ ಪಾಲು, ಕಾನೂನಿನ ಬಲದಿಂದ, ಅದನ್ನು ಅಗೆದ ಜಿಲ್ಲೆಗೆ ಹೋಗಲಿ. ಖರ್ಚಾಗದೆ ಉಳಿದ ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ಆ ಜಿಲ್ಲೆಯ ಜನರ ಭಾಷೆಯಲ್ಲಿ ಪ್ರಕಟಿಸಲಿ. ಜೊತೆಗೆ, ಎಲ್ಲಕ್ಕೂ ಬೆಲೆಯಿದೆಯೆಂಬ ಭ್ರಮೆಯೂ ಬೇಡ. ಭದ್ರೆಯ ಉಗಮದ ಬಳಿಯ ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ಮುಚ್ಚಿದ್ದು ತೆರಿಗೆಯಿಂದಲ್ಲ, ಇಲ್ಲಿ ಕೂಡದು ಎಂದ ಸುಪ್ರೀಂ ಕೋರ್ಟಿನ ಒಂದು ಮಾತಿನಿಂದ.

1952ರಿಂದ 1993ರವರೆಗೆ ಜಾರಿಯಲ್ಲಿದ್ದ ಸರಕು ಸಾಗಣೆ ಸಮೀಕರಣ ನೀತಿಯಿಂದಾಗಿ ಬಿಹಾರ, ಒಡಿಶಾಗಳ ಖನಿಜ ಅಲ್ಲಿದ್ದ ದರದಲ್ಲಿಯೇ ದೂರದ ಕಾರ್ಖಾನೆಗಳಿಗೆ ತಲುಪಿತು. ಉದ್ಯಮ ಬೆಳೆದ ಪಟ್ಟಣಗಳಿಗೆ ನಮ್ಮಂಥವರು ನೌಕರಿಗಾಗಿ ವಲಸೆ ಬಂದೆವು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನಾವು ಕಟ್ಟಿಕೊಂಡ ಬದುಕಿನಲ್ಲಿ ಆ ನೆಲಗಳ ಪಾಲೂ ಇದೆ. ಕಾವೇರಿ, ಬೆಳಗಾವಿಗಳ ಪ್ರಶ್ನೆ ಬಂದಾಗ ಠರಾವು ಮಂಡಿಸುವ ನಮ್ಮ ಸಂಘಗಳು ಈ ಋಣವನ್ನು ಕುರಿತೂ ಒಂದು ಠರಾವನ್ನು ಮಂಡಿಸುವ ಕಾಲ ಬಂದಿದೆ.