ಹೊಲ ಕೊಳ್ಳುವ ಹುಚ್ಚು

ನಮ್ಮ ಪಟ್ಟಣಗಳ ವಿದ್ಯಾವಂತ ಗೃಹಸ್ಥರಿಗೆ ಈಚಿನ ಕೆಲವು ವರ್ಷಗಳಿಂದ ಹೊಸದೊಂದು ಹುಚ್ಚು ಹತ್ತಿದೆ. ಮೊದಲು ಬಂಗಾರವಿತ್ತು, ಆಮೇಲೆ ಸೈಟು ಬಂತು, ಈಗ ಹೊಲ. ಸಂಜೆಯ ವಾಯುಸೇವನೆಗೆ ಹೊರಟ ನಾಲ್ವರು ಒಂದು ಕಡೆ ಸೇರಿದರೆ ಮೊದಲು ರಕ್ತದೊತ್ತಡದ ಮಾತು, ಅದು ಮುಗಿದೊಡನೆ ಎಕರೆಗಳ ಮಾತು. “ಎಲ್ಲಿಯಾದರೂ ಒಂದು ನಾಲ್ಕೆಕರೆ ಇರಲಿ ಸ್ವಾಮಿ, ಭೂಮಿತಾಯಿ ಕೈಬಿಡುವುದಿಲ್ಲ” ಎನ್ನುತ್ತಾರೆ. ಭೂಮಿತಾಯಿಯ ಕೈಯನ್ನು ತಾವು ಹಿಡಿಯುವ ವಿಚಾರ ಮಾತ್ರ ಅವರ ಯೋಜನೆಯಲ್ಲಿ ಇರುವುದಿಲ್ಲ. ಹೊಲ ಬೇಕು, ಆದರೆ ಉಳುವುದಕ್ಕಲ್ಲ, ಇರಿಸಿಕೊಳ್ಳುವುದಕ್ಕೆ. ಹೀಗೆ ಇರಿಸಿಕೊಳ್ಳುವುದರಿಂದ ಹಳ್ಳಿಗೆ ಏನಾಗುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕೊಂಡವರಲ್ಲಿ ನನ್ನ ಸ್ನೇಹಿತರೂ ಇದ್ದಾರೆ. ಅವರು ಕ್ಷಮಿಸಿದರೂ ಸರಿ, ಕ್ಷಮಿಸದಿದ್ದರೂ ಸರಿ.

ರಾಣೇಬೆನ್ನೂರು ತಾಲೂಕಿನ ದೇವರಗುಡ್ಡ ವಾಚಕರಿಗೆ ಅಪರಿಚಿತ ಸ್ಥಳವಲ್ಲ. ಅಲ್ಲಿಯ ಮಾಲತೇಶನ ಸನ್ನಿಧಿಯಲ್ಲಿ ದಸರೆಯ ಸಮಯಕ್ಕೆ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಪಟ್ಟಣದವರು ಆ ಒಂದು ಸಾಲಿನಲ್ಲಿ ಮಂತ್ರಿಮಂಡಲದ ಭವಿಷ್ಯವನ್ನು ಹುಡುಕುತ್ತಾರೆ. ಗುಡ್ಡದ ಕೆಳಗಿನ ಒಕ್ಕಲಿಗ ಮಳೆಬೆಳೆಯನ್ನು ಹುಡುಕುತ್ತಾನೆ. ಅವನ ಹೊಲ ಬಹುಪಾಲು ಮಳೆಯನ್ನೇ ನಂಬಿದ್ದು. ಎರೆಯಲ್ಲಿ ಹತ್ತಿ, ಮಸಾರಿಯಲ್ಲಿ ಗೋವಿನಜೋಳ, ಅಲ್ಲಲ್ಲಿ ಬ್ಯಾಡಗಿಯ ಪೇಟೆಗೆ ಹೋಗುವ ಮೆಣಸಿನಕಾಯಿ. ಕಾರಣಿಕ ಕೇಳಿ ಜನ ಗುಡ್ಡ ಇಳಿಯುವ ಹೊತ್ತಿಗೆ ಕಾರಿನಲ್ಲಿ ಬಂದ ಮಹನೀಯರೊಬ್ಬರು ಚಹದ ಅಂಗಡಿಯವನನ್ನು “ಇಲ್ಲಿ ಎಕರೆಗೆ ಏನು ನಡೆದಿದೆ?” ಎಂದು ವಿಚಾರಿಸುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಸುತ್ತಲೂ ಭಕ್ತರು ‘ಏಳು ಕೋಟಿ, ಏಳು ಕೋಟಿ’ ಎಂದು ಮೈಲಾರಲಿಂಗನನ್ನು ಕೂಗುತ್ತಿದ್ದರು. ಮಹನೀಯರ ಕಿವಿಗೆ ಆ ಕೋಟಿ ಬೇರೆ ಅರ್ಥದಲ್ಲಿ ಬಿದ್ದಿರಬೇಕು.

ಇಂಥ ವಿಚಾರಣೆ ಹಿಂದೆ ಅಷ್ಟು ಸಲೀಸಾಗಿ ನಡೆಯುವಂತಿರಲಿಲ್ಲ. 1956ರವರೆಗೆ ರಾಣೇಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1948ರ ಮುಂಬಯಿ ಗೇಣಿ ಕಾಯಿದೆಯ 63ನೆಯ ಕಲಮು, ಒಕ್ಕಲುತನ ಮಾಡದವನಿಗೆ ಕಲೆಕ್ಟರರ ಅಪ್ಪಣೆಯಿಲ್ಲದೆ ಹೊಲ ಮಾರಕೂಡದೆಂದು ಹೇಳುತ್ತಿತ್ತು. ಮುಂದೆ 1961ರ ಭೂಸುಧಾರಣಾ ಕಾಯಿದೆ ಬಂತು, 1965ರಲ್ಲಿ ಜಾರಿಯಾಯಿತು. ಅದಕ್ಕೆ ದೇವರಾಜ ಅರಸರ ಕಾಲದ ತಿದ್ದುಪಡಿ ಸೇರಿ, 1974ರ ಮಾರ್ಚ್ 1ರಂದು ‘ಉಳುವವನೇ ಹೊಲದೊಡೆಯ’ ಎಂಬ ಮಾತಿಗೆ ಕಾನೂನಿನ ಬಲ ಬಂತು. ಪಕ್ಕದ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿ ಜೈಲು ಸೇರಿದ್ದು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಈ ಮಾತಿಗಾಗಿಯೇ. ಊರಿನಲ್ಲಿಲ್ಲದ ಒಡೆಯ ಇನ್ನು ಮುಂದೆ ಬೇಡ ಎಂಬುದೇ ಆ ಕಾಯಿದೆಯ ಮುಖ್ಯ ನಿರ್ಧಾರ. ಆದ್ದರಿಂದಲೇ ಅದು ಗೇಣಿ ಕೊಡುವುದನ್ನು ನಿಷೇಧಿಸಿತು. ಒಕ್ಕಲುತನದಿಂದಲ್ಲದೆ ಬೇರೆ ಮೂಲದಿಂದ ಹೆಚ್ಚು ಆದಾಯವುಳ್ಳವನು ಹೊಲ ಕೊಳ್ಳದಂತೆ 79–ಎ, ಕಂಪನಿಗಳು ಕೊಳ್ಳದಂತೆ 79–ಬಿ, ಒಕ್ಕಲಿಗನಲ್ಲದವನಿಗೆ ಮಾರದಂತೆ 80 ಎಂಬ ಬೇಲಿಗಳನ್ನು ಹಾಕಿತು.

ಬೇಲಿ ಒಮ್ಮೆಲೇ ಬೀಳಲಿಲ್ಲ. 1995ರಲ್ಲಿ ಆದಾಯದ ಮಿತಿಯನ್ನು ವರ್ಷಕ್ಕೆ 2 ಲಕ್ಷ ರೂಪಾಯಿಗೆ ಏರಿಸಿದರು. 2015ರಲ್ಲಿ ಅದು ಒಂದೇ ನೆಗೆತಕ್ಕೆ 25 ಲಕ್ಷವಾಯಿತು. 2020ರ ಜುಲೈಯಲ್ಲಿ ಸುಗ್ರೀವಾಜ್ಞೆಯಿಂದಲೂ ಡಿಸೆಂಬರಿನಲ್ಲಿ ಶಾಸನಸಭೆಯ ಒಪ್ಪಿಗೆಯಿಂದಲೂ ಬೇಲಿಯನ್ನೇ ಕಿತ್ತರು. 2015ರ ಸರಕಾರ ಒಂದು ಪಕ್ಷದ್ದು, 2020ರದು ಇನ್ನೊಂದು ಪಕ್ಷದ್ದು. ಹೀಗಾಗಿ ಈ ಪುಣ್ಯವನ್ನು ಇಬ್ಬರೂ ಹಂಚಿಕೊಳ್ಳಬಹುದು. ಒಂದು ಸಂಗತಿಯನ್ನಂತೂ ವಾಚಕರು ಗಮನಿಸಬೇಕು. 79ರ ಆ ಕಲಮುಗಳನ್ನು ರದ್ದುಮಾಡಿದ್ದು 2020ರಿಂದ ಅಲ್ಲ, ಹಿಂದಿನ ತಾರೀಖಿನಿಂದ. 1974ರ ಮಾರ್ಚ್ 1ರಿಂದಲೇ ಅವು ಇರಲಿಲ್ಲವೆಂದು ಭಾವಿಸತಕ್ಕದ್ದು! ಉಳುವವನಿಗೆ ಹೊಲ ಕೊಟ್ಟ ಅದೇ ದಿನದಿಂದ. 46 ವರ್ಷ ಕಾಯಿದೆಯನ್ನು ಮುರಿದವನು ಮುರಿಯಲೇ ಇಲ್ಲವೆಂದಾಯಿತು. ಕಾಯಿದೆಗೆ ಅಂಜಿ ಕೊಳ್ಳದೆ ಉಳಿದವನು ಪೆದ್ದನಾದನು.

ಇದನ್ನು ಸಮರ್ಥಿಸುವವರು ಹೇಳುವ ಮಾತುಗಳಲ್ಲಿ ಒಂದನ್ನು ನಾನು ಒಪ್ಪುತ್ತೇನೆ. ಆ ಕಲಮುಗಳು ಕಚೇರಿಗಳಲ್ಲಿ ಲಂಚದ ಹಸುಗಳಾಗಿದ್ದವು. ನೋಟೀಸು ಕೊಡುವುದು, ಕರೆಸುವುದು, ಕೈ ಬಿಸಿಯಾದ ಮೇಲೆ ಕಡತ ಮುಚ್ಚುವುದು. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಕಾವಲುಗಾರ ಕಳ್ಳನಾದನೆಂದು ಬಾಗಿಲನ್ನೇ ಕಿತ್ತು ಮಾರುವವರನ್ನು ನಾನು ಈ ಸರಕಾರಗಳಲ್ಲಿ ಮಾತ್ರ ಕಂಡಿದ್ದೇನೆ.

ಇನ್ನೊಂದು ವಾದ ಹೆಚ್ಚು ಮೋಹಕವಾದದ್ದು. “ರೈತನಿಗೆ ಒಳ್ಳೆಯ ಬೆಲೆ ಬರುವುದನ್ನು ನೀವೇಕೆ ತಡೆಯುತ್ತೀರಿ? ಅವನ ಹೊಲ, ಅವನ ಇಷ್ಟ” ಎನ್ನುತ್ತಾರೆ. ಸರಿಯೆ. ಮಗಳ ಮದುವೆಗೋ, ಆಸ್ಪತ್ರೆಯ ಖರ್ಚಿಗೋ, ನೀರು ಬಾರದ ಕೊಳವೆಬಾವಿಯ ಸಾಲಕ್ಕೋ ಮಾರುವವನಿಗೆ ನಾಲ್ಕು ಕಾಸು ಹೆಚ್ಚು ಬಂದರೆ ಯಾರಿಗೆ ಹೊಟ್ಟೆಯುರಿ? ಆದರೆ ಮಾರುವವನು ಮಾರುವುದು ಒಮ್ಮೆ. ಅವನ ಬದುವಿಗೆ ಬದು ಹತ್ತಿದ ಹೊಲದವನು, ಎರಡೆಕರೆಯಲ್ಲಿ ಹೊಟ್ಟೆ ತುಂಬದೆ ಇನ್ನೆರಡು ಕೊಳ್ಳಬೇಕೆಂದು ಹತ್ತು ವರ್ಷ ಕೂಡಿಟ್ಟವನು, ಅವನೂ ರೈತನೇ ಅಲ್ಲವೆ? ಅವನ ಲೆಕ್ಕ ನೋಡಿ. 2024–25ರಲ್ಲಿ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,225 ರೂಪಾಯಿ. ಮಳೆ ಕೈಹಿಡಿದು ಎಕರೆಗೆ 20 ಕ್ವಿಂಟಲು ಬಂತೆಂದೂ, ಪೇಟೆಯವರು ಧರ್ಮರಾಯರಾಗಿ ಪೂರ್ತಿ ಬೆಂಬಲ ಬೆಲೆ ಕೊಟ್ಟರೆಂದೂ ಹಿಡಿಯೋಣ: 44,500. ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರು ಕಳೆದು ಅರ್ಧ ಉಳಿದರೆ ಸುಮಾರು 22,000. ಎಕರೆಗೆ 15 ಲಕ್ಷವೆಂದು ಲೆಕ್ಕದ ಸಲುವಾಗಿ ಇಟ್ಟುಕೊಂಡರೆ ಅಸಲು ತೀರುವುದಕ್ಕೆ 68 ವರ್ಷ ಬೇಕು. ಬಡ್ಡಿಯ ಮಾತು ಬೇರೆ. ಅಂದರೆ ಹೊಲದ ದುಡಿಮೆಯಿಂದ ಹೊಲ ಕೊಳ್ಳುವ ಕಾಲ ಮುಗಿಯಿತು. ಹೊರಗಿನ ಹಣವಿದ್ದವನು ಮಾತ್ರ ಕೊಳ್ಳಬಲ್ಲ.

ಹೊರಗಿನವನು ಇಷ್ಟು ಕಡಿಮೆ ಆದಾಯದ ಸೊತ್ತನ್ನು ಕೊಳ್ಳುವುದೇಕೆ? ಅವನು ದಡ್ಡನಲ್ಲ. ಒಕ್ಕಲುತನದ ಆದಾಯಕ್ಕೆ ವರಮಾನ ತೆರಿಗೆಯಿಲ್ಲ. ಪಟ್ಟಣದ ಗಡಿಯಿಂದ ಕಾನೂನು ಹೇಳಿದಷ್ಟು ದೂರದ ಹೊಲವಾದರೆ, ಮಾರಿದಾಗ ಬಂದ ಲಾಭಕ್ಕೂ ತೆರಿಗೆಯಿಲ್ಲ. ರೈತ ಬಡವನೆಂದು ಕೊಟ್ಟ ರಿಯಾಯಿತಿಯ ಕೊಡೆಯ ಕೆಳಗೆ ಪಟ್ಟಣದ ಉಳಿತಾಯ ಬಂದು ನಿಂತಿದೆ. ಗೋವಿನಜೋಳ ಬಂದರೆಷ್ಟು, ಬಿಟ್ಟರೆಷ್ಟು? ಹೊಲ ಅವನಿಗೆ ತಿಜೋರಿ.

ಇಷ್ಟಾದರೂ ಯಾರೋ ಒಬ್ಬ ಉಳುತ್ತಾನಲ್ಲ, ಅವನ ಗತಿಯೇನು? ನನ್ನ ಮುಖ್ಯ ದೂರು ಇರುವುದು ಇಲ್ಲಿಯೇ. 2020ರ ತಿದ್ದುಪಡಿ ಕೊಳ್ಳುವುದನ್ನು ಬಿಡುಗಡೆ ಮಾಡಿತು. ಗೇಣಿಯ ನಿಷೇಧವನ್ನು ಮಾತ್ರ ಮುಟ್ಟಲಿಲ್ಲ. ಊರಿನಲ್ಲಿಲ್ಲದ ಒಡೆಯನಿಗೆ ಕಾಯಿದೆ ಬಾಗಿಲು ತೆರೆಯಿತು. ಅವನ ಹೊಲ ಉಳುವವನಿಗೆ ಕಾಗದದಲ್ಲಿ ಜಾಗವಿಲ್ಲ. ಹಾಗಾಗಿ ಎಲ್ಲ ಬಾಯಿಮಾತಿನ ಲಾವಣಿ. ಒಡೆಯನಿಗೆ ಒಳಗೊಳಗೆ ಹಳೆಯ ಭೀತಿ ಬೇರೆ: ಇವನು ನಾಳೆ ಹಕ್ಕು ಸಾಧಿಸಿದರೆ? ಆದ್ದರಿಂದ ಈ ವರ್ಷ ಒಬ್ಬನಿಗೆ, ಮುಂದಿನ ವರ್ಷ ಮತ್ತೊಬ್ಬನಿಗೆ. ಇಲ್ಲವೆ ತಂತಿ ಬಿಗಿದು ಬೀಳು. ಒಂದೇ ವರ್ಷಕ್ಕೆಂದು ಹೊಲ ಹಿಡಿದವನು ತಿಪ್ಪೆಗೊಬ್ಬರ ಹಾಕುವನೆ? ಒಡೆದ ಬದು ಕಟ್ಟುವನೆ? ಬೆಳೆಸಾಲ, ಬೆಳೆವಿಮೆ, ಅತಿವೃಷ್ಟಿಯ ಪರಿಹಾರ, ಇವೆಲ್ಲವೂ ಪಹಣಿಯ ಹೆಸರನ್ನು ಹಿಂಬಾಲಿಸಿ ಹೋಗುತ್ತವೆ. ಗುಡ್ಡದ ಕೆಳಗೆ ಲಾವಣಿ ಮಾಡುವವನೊಬ್ಬ ನನಗೆ ಹೇಳಿದ: “ಬೀಜಾ ನಾ ತಂದೆರಿ, ಗೊಬ್ಬರಾ ನಾ ಹಾಕಿದೆ. ಮಳಿ ಹೆಚ್ಚಾಗಿ ಬೆಳಿ ಹೋತು. ಪರಿಹಾರದ ರೊಕ್ಕ ಅವರ ಖಾತೇಕ ಬಂತು. ಕೇಳಾಕ ಹೋದ್ರ ಮುಂದಿನ ವರ್ಷ ಹೊಲ ಸಿಗೂದಿಲ್ರಿ ಸಾಹೇಬ್ರ, ಅದಕ್ಕ ಸುಮ್ಮನದೇನಿ.” ಆ ಹೊಲದ ಒಡೆಯರು ಕೆಟ್ಟವರೇನಲ್ಲವೆಂದೂ ಅವನೇ ಸೇರಿಸಿದ, ದೂರದ ಪಟ್ಟಣದಲ್ಲಿರುವ ಅವರಿಗೆ ತಮ್ಮ ಖಾತೆಗೆ ಆ ರೊಕ್ಕ ಬಂದದ್ದು ಏತಕ್ಕೆಂಬುದೂ ತಿಳಿದಿರಲಿಲ್ಲವಂತೆ. ನನಗೆ ಇದೇ ಹೆಚ್ಚು ಭಯಂಕರವೆನಿಸಿತು. ಹಳೆಯ ಜಮೀನುದಾರನಿಗೆ ಕಣದಲ್ಲಿ ನಿಂತು ರಾಶಿ ಅಳೆಯುವಷ್ಟಾದರೂ ಹೊಲದ ಪರಿಚಯವಿತ್ತು.

ಇಷ್ಟು ಹೇಳಿದರೆ ನಮ್ಮ ಸ್ನೇಹಿತರು ಕಡೆಯ ಬಾಣ ಬಿಡುತ್ತಾರೆ: “ಮುಂದುವರಿದ ದೇಶಗಳಲ್ಲಿ ಇಂಥ ಕಟ್ಟಳೆಗಳಿಲ್ಲ. ಹಣವಿದ್ದವನು ಕೊಳ್ಳುತ್ತಾನೆ.” ಹೌದೆ? ಕಣ್ಣು ಹರಿದಷ್ಟೂ ಗೋಧಿ ಬೆಳೆಯುವ ಅಮೆರಿಕ–ಕೆನಡಾಗಳ ಪ್ರೇರಿ ಬಯಲನ್ನೇ ನೋಡೋಣ. ಆ ನೆಲವನ್ನು ಮೂಲನಿವಾಸಿಗಳಿಂದ ಕಸಿದುಕೊಂಡದ್ದು ದೊಡ್ಡ ಅನ್ಯಾಯ, ಅದನ್ನು ಮರೆಯುವಂತಿಲ್ಲ. ಆದರೆ ಅದನ್ನು ತಮ್ಮವರಿಗೆ ಹಂಚುವಾಗ ಅವರು ಹಾಕಿದ ಕರಾರು ಕೇಳಿ. ಕೆನಡಾದ 1872ರ ಕಾಯಿದೆ 10 ಡಾಲರು ಕಟ್ಟಿದವನಿಗೆ 160 ಎಕರೆ ಕೊಡುತ್ತಿತ್ತು. ಮೂರು ವರ್ಷ ಅಲ್ಲಿಯೇ ವಾಸಿಸಿ ಉತ್ತು ತೋರಿಸಿದ ಮೇಲೆಯೇ ಪಟ್ಟಾ. ಅಮೆರಿಕದ ಉತ್ತರ ಡಕೋಟಾದ ಜನ 1932ರಲ್ಲಿ ಮತ ಹಾಕಿ ಕಂಪನಿಗಳ ಬೇಸಾಯವನ್ನು ತಡೆದರು. ಮುಂದೆ ಸಡಿಲಿಕೆಗಳಾದರೂ ಮೂಲದ ತಡೆ ಬಿದ್ದುಹೋಗಲಿಲ್ಲ. ಈಚಿನದೊಂದು ಸಂಗತಿ ಇನ್ನೂ ಸ್ವಾರಸ್ಯವಾಗಿದೆ. 2013ರಲ್ಲಿ ಕೆನಡಾ ದೇಶದ ಪಿಂಚಣಿ ನಿಧಿಯ ಹಣ ಹೂಡುವ ಮಂಡಳಿ, ಸಸ್ಕ್ಯಾಚೆವಾನ್ ಪ್ರಾಂತದಲ್ಲಿ ಸುಮಾರು 1.15 ಲಕ್ಷ ಎಕರೆ ಹೊಲವನ್ನು 12.8 ಕೋಟಿ ಡಾಲರಿಗೆ ಕೊಂಡಿತು. ಕೊಂಡದ್ದು ವಿದೇಶಿಯಲ್ಲ, ಖಾಸಗಿ ಲಾಭಕೋರನೂ ಅಲ್ಲ. ದೇಶದ ಮುದುಕರ ಪಿಂಚಣಿಯ ಹಣ. ಆದರೂ ಅಂಥ ಥೈಲಿಯ ಎದುರು ನಾವು ಹೇಗೆ ಸವಾಲು ಕೂಗೋಣ ಎಂದು ರೈತರು ಗೊಣಗಿದರು. 2015ರಲ್ಲಿ ಅಲ್ಲಿಯ ಸರಕಾರ, ಪಿಂಚಣಿ ನಿಧಿಗಳೂ ಹೂಡಿಕೆಯ ಟ್ರಸ್ಟುಗಳೂ ಹೊಲ ಕೊಳ್ಳಕೂಡದೆಂದು ಕಾಯಿದೆ ಮಾಡಿತು. ಆ ಪ್ರಾಂತದಲ್ಲಿ ಒಬ್ಬ ರೈತನಿಗೆ ಸಾವಿರಾರು ಎಕರೆ ಇರುವುದುಂಟು. ಅವರಿಗೇ ಬೇಲಿ ಬೇಕಾಯಿತು. ಎರಡೆಕರೆಯ ನಮ್ಮ ರಾಣೇಬೆನ್ನೂರಿನ ಒಕ್ಕಲಿಗನಿಗೆ ಬೇಡವಾಯಿತು! ಅಷ್ಟು ದೂರವೇಕೆ, 2020ರಲ್ಲಿ ನಾವು ಬಿಟ್ಟುಕೊಟ್ಟಂಥ ತಡೆಯೇ ಮುಂಬಯಿ ಕಾಯಿದೆಯಲ್ಲಿಯೂ ಇತ್ತು, ಅದನ್ನು ನೆರೆಯ ಮಹಾರಾಷ್ಟ್ರ ಬಿಟ್ಟುಕೊಡಲಿಲ್ಲ.

ಹಾಗಾದರೆ ಪಟ್ಟಣದವನು ಒಕ್ಕಲುತನಕ್ಕೆ ಬರಲೇಬಾರದೆ? ಬರಲಿ, ಧಾರಾಳವಾಗಿ ಬರಲಿ. ಉದ್ಯೋಗ ಬಿಟ್ಟು ಬಂದು ಕೆಸರು ತುಳಿದವರನ್ನು ನಾನು ಬಲ್ಲೆ. ಅವರ ಬಗೆಗೆ ನನಗೆ ಗೌರವವಿದೆ. ಹಳೆಯ ಆದಾಯದ ಮಿತಿಯನ್ನೇ ಮತ್ತೆ ತನ್ನಿರೆಂದೂ ನಾನು ಹೇಳುವುದಿಲ್ಲ. ಅದು ಸುಳ್ಳು ಸರ್ಟಿಫಿಕೇಟುಗಳ ಕಾರ್ಖಾನೆಯಾಗಿತ್ತು. ಆದಾಯವನ್ನು ಕೇಳಬೇಡಿ, ಉಳುವೆಯಾ ಎಂದು ಕೇಳಿ. ಕೊಂಡವನು ಇಂತಿಷ್ಟು ವರ್ಷದೊಳಗೆ ತಾನೇ ಸಾಗುವಳಿ ಮಾಡಬೇಕು. ಮಾಡದಿದ್ದರೆ ಕೊಂಡ ಬೆಲೆಗೇ ಅದೇ ಊರಿನ ಸಣ್ಣ ಹಿಡುವಳಿದಾರನಿಗೆ ಬಿಟ್ಟುಕೊಡಬೇಕು. ಊರ ಹೊಲ ಮಾರಾಟಕ್ಕೆ ಬಂದಾಗ ಬದುವಿನವನಿಗೆ ಮೊದಲ ಕರೆ ಇರಬೇಕು. ಲಾವಣಿಗೆ ಕೊಡುವುದಾದರೆ ಬಹಿರಂಗವಾಗಿ, ಬರೆದು, ಕೆಲವು ವರ್ಷಗಳ ಮಟ್ಟಿಗೆ ಕೊಡಲಿ. ಒಡೆತನಕ್ಕೆ ಧಕ್ಕೆಯಿಲ್ಲವೆಂದು ಕಾಯಿದೆಯೇ ಅಭಯ ಕೊಡಲಿ. ಸಾಲವೂ ವಿಮೆಯೂ ಪರಿಹಾರವೂ ಬಿತ್ತಿದವನಿಗೆ ಹೋಗಲಿ.

“ಬಿತ್ತಿದವನಾರೆಂದು ಸರಕಾರಕ್ಕೆ ತಿಳಿಯುವುದು ಹೇಗೆ?” ಎಂದು ಅಧಿಕಾರಿಗಳು ಕೇಳಬಹುದು. ಹೊಸ ಇಲಾಖೆ, ಹೊಸ ಯಂತ್ರ ಯಾವುದೂ ಬೇಡ. ಪಹಣಿಯಲ್ಲಿ ಒಡೆಯನ ಹೆಸರಿಗೆ ಒಂದು ಅಂಕಣವಿರುವಂತೆ ಸಾಗುವಳಿದಾರನ ಹೆಸರಿಗೂ ಬೇರೆ ಅಂಕಣವುಂಟು. ಊರಿಗೇ ಬಾರದ ಒಡೆಯನ ಹೆಸರನ್ನು ಎರಡೂ ಕಡೆ ಬರೆಯುವ ರೂಢಿಯನ್ನು ಈ ಮುಂಗಾರಿನಿಂದ ಬಿಡಲಿ.