ಹಲಗೆಯ ಮೇಲಣ ಎರಡಕ್ಷರ

ನಮ್ಮ ನೆರೆಯ ಗೃಹಸ್ಥರೊಬ್ಬರು ತಮ್ಮನೊಡಗೂಡಿ ಪ್ರೈವೇಟ್ ಲಿಮಿಟೆಡ್ ಕಂಪೆನಿಯೊಂದನ್ನು ತೆರೆಯುವ ಸನ್ನಾಹದಲ್ಲಿರುವರು. ತಾಯಿತಂದೆಗಳ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಎಸ್. ಎಸ್.’ ಎಂದಿಡುವುದೆಂದು ನಿಶ್ಚಯವಾಗಿದ್ದಿತು. ಮೊನ್ನೆ, ಎಂಬತ್ತರ ಸಮೀಪದಲ್ಲಿರುವ ಅವರ ತಾಯಿ ಹಲಗೆಯ ಮಾದರಿಯನ್ನು ನೋಡಿ, “ಇದರಲ್ಲಿ ನಿಮ್ಮಪ್ಪನ ಅಕ್ಷರ ಯಾವುದಪ್ಪ, ನನ್ನದು ಯಾವುದು?” ಎಂದರಂತೆ. ಮಕ್ಕಳಿಗೆ ಉತ್ತರ ತೋರಲಿಲ್ಲ. ತಂದೆಯ ಹೆಸರು ‘ಶ್ರೀ’ ಎಂದು ಮೊದಲಾಗುವುದು. ತಾಯಿಯದು ‘ಶಾ’ ಎಂದು. ಇಂಗ್ಲಿಷಿಗೆ ಹೋದೊಡನೆ ಎರಡೂ ‘ಎಸ್’ ಆಗಿ ಕುಳಿತವು. ಹಿರಿಯರು ನಮ್ಮಲ್ಲಿಗೆ ಬಂದು, ಏನು ಮಾಡಬೇಕೆಂದು ಕೇಳಿದರು.

ಮುದುಕಮ್ಮನವರ ಪ್ರಶ್ನೆ ಸಾಮಾನ್ಯವಾದುದಲ್ಲ. ಇಂಗ್ಲಿಷಿನ ಇನಿಷಿಯಲ್ಲು ಬರಿಯ ವ್ಯಂಜನವನ್ನು ಹಿಡಿದುಕೊಂಡು ಸ್ವರವನ್ನು ಹೊರಗೆ ನಿಲ್ಲಿಸುತ್ತದೆ. ನಮ್ಮ ಅಕ್ಷರವಾದರೋ ಸ್ವರವನ್ನು ಮಡಿಲಲ್ಲಿಟ್ಟುಕೊಂಡೇ ಬರುವುದು. ಕರ್ನಾಟಕದ ರಸ್ತೆ ಸಾರಿಗೆ ನಿಗಮಕ್ಕೂ ಕೇರಳದ ನಿಗಮಕ್ಕೂ ಇಂಗ್ಲಿಷಿನಲ್ಲಿ ‘ಕೆ. ಎಸ್. ಆರ್. ಟಿ. ಸಿ.’ ಎಂದು ಒಂದೇ ಹೆಸರು. ಅದು ಯಾರಿಗೆ ಸಲ್ಲತಕ್ಕುದೆಂಬ ವ್ಯಾಜ್ಯ ಬಹುಕಾಲ ನಡೆದು, 2023ರ ಡಿಸೆಂಬರಿನಲ್ಲಿ ಮದರಾಸು ಹೈಕೋರ್ಟು ಕೇರಳದವರ ಮನವಿಯನ್ನು ವಜಾಮಾಡಿತು. ಕನ್ನಡದಲ್ಲಿ ನಮ್ಮದು ‘ಕ. ರಾ. ರ. ಸಾ. ನಿಗಮ’, ಅವರದನ್ನು ಬರೆಯುವುದಾದರೆ ‘ಕೇ’ ಎಂದೇ ಆರಂಭಿಸಬೇಕು. ಜಗಳಕ್ಕೆ ಎಡೆಯೇ ಇಲ್ಲ.

ನಮ್ಮ ಸಾಹಿತಿಗಳಲ್ಲಿಯೂ ಎರಡು ಪದ್ಧತಿಗಳುಂಟು. ಗುಂಡಪ್ಪನವರು ಇಂಗ್ಲಿಷಿನ ಅಕ್ಷರಗಳಿಂದ ಡಿ. ವಿ. ಜಿ. ಆದರು, ಕೃಷ್ಣರಾಯರು ಕನ್ನಡದ ಅಕ್ಷರಗಳಿಂದ ಅ. ನ. ಕೃ. ಆದರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಮೂರಕ್ಷರಗಳು ಚುಕ್ಕಿಗಳನ್ನು ಕಳೆದುಕೊಂಡು ‘ಕುವೆಂಪು’ ಎಂಬ ಹೊಸ ಹೆಸರೇ ಆದುವು.

ಚುಕ್ಕಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಇಂಗ್ಲಿಷಿನ ಅಕ್ಷರಗಳನ್ನು ಕನ್ನಡದಲ್ಲಿ ಬರೆದು ಚುಕ್ಕಿಯನ್ನು ಬಿಟ್ಟರೆ ‘ಎಸ್. ಟಿ.’ ಎಂಬುದು ‘ಎಸ್ಟಿ’ ಎಂದು ಒತ್ತಕ್ಷರವಾಗಿ ಓದುವವನ ನಾಲಗೆಯನ್ನು ತೊಡರಿಸುವುದು. ಇನ್ನು ‘ಎಚ್’ ಎನ್ನಬೇಕೋ ‘ಹೆಚ್’ ಎನ್ನಬೇಕೋ ಎಂಬ ಚರ್ಚೆಗೆ ಕೊನೆಯಿಲ್ಲ; ನಮ್ಮ ಮನೆಯ ಕಾಗದಪತ್ರಗಳಲ್ಲಿಯೇ ಎರಡೂ ಇವೆ. ಮೊದಲಕ್ಷರಗಳು ಕೂಡಿ ಒಂದು ಮಾತಾಗುವುದಾದರೆ ಮಾತ್ರ ಚುಕ್ಕಿ ಬೇಡ. ಇಟಲಿಯ ಟ್ಯೂರಿನ್ ನಗರದಲ್ಲಿ 1899ರಲ್ಲಿ ಹುಟ್ಟಿದ ಮೋಟಾರು ಕಂಪೆನಿಯು ತನ್ನ ನಾಲ್ಕು ಮಾತುಗಳ ಮೊದಲಕ್ಷರಗಳಿಂದ ‘ಫಿಯಟ್’ ಎನಿಸಿಕೊಂಡಿತು. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಆಗಲಿ’ ಎಂಬ ಅರ್ಥವೂ ಇರುವುದು ಆ ಹೆಸರಿನ ಪುಣ್ಯ.

ನಾವು ನೆರೆಯವರಿಗೆ ಹೇಳಿದುದಿಷ್ಟೆ: ‘ಎಸ್. ಎಸ್.’ ಎಂಬುದನ್ನು ಬಿಡಿ. ‘ಶ್ರೀಶಾ’ ಎಂಬ ಒಂದೇ ಮಾತನ್ನು ನೋಂದಾಯಿಸಿ. ತಾಯಿಯ ಹೆಸರು ಮುಂದಿರಲೆಂದು ಕಿರಿಯ ಮಗನ ಆಸೆ. ಸೀತಾರಾಮ, ಲಕ್ಷ್ಮೀನಾರಾಯಣ ಎನ್ನುವ ನಾಡಿನಲ್ಲಿ ಅದು ನ್ಯಾಯವೇ ಸರಿ. ಆದರೆ ‘ಶಾಶ್ರೀ’ ಎಂದು ಬರೆದರೆ ಊರವರೆಲ್ಲ ‘ಶಾಸ್ತ್ರಿ’ ಎಂದೋದಿ ಜಾತಕ ತೋರಿಸಲು ಬಂದಾರು.

ಕಂಪೆನಿಯ ಹೆಸರು ಇಂಗ್ಲಿಷ್ ಲಿಪಿಯಲ್ಲಿ ನೋಂದಣಿಯಾದರೂ, 2013ರ ಕಂಪೆನಿ ಕಾನೂನಿನ 12ನೆಯ ಪ್ರಕರಣದಂತೆ ಕಚೇರಿಯ ಹೊರಗಡೆ ಸ್ಥಳದ ಭಾಷೆಯ ಲಿಪಿಯಲ್ಲಿಯೂ ಅದನ್ನು ಬರೆಯಿಸಲೇಬೇಕು. ಇಂಗ್ಲಿಷಿನಲ್ಲಿ ಮಾಸಿಹೋಗುವ ದೀರ್ಘವು ಅಲ್ಲಿ ಉಳಿಯುವುದು. ಈ ಮಾತನ್ನು ಮಕ್ಕಳು ತಾಯಿಗೆ ತಿಳಿಸಿದಾಗ ಆಕೆ ಹೊಸ ಮಾದರಿಯನ್ನು ತರಿಸಿಕೊಂಡು, ಎರಡಕ್ಷರಗಳನ್ನೂ ಬೆರಳಿಟ್ಟು ಓದಿ, “ಹಲಗೆ ಬರೆಯುವವನು ಕಡೆಯ ದೀರ್ಘ ಮರೆತರೆ ‘ಶ್ರೀಶ’ ಆದೀತು. ಅದು ವಿಷ್ಣುವಿನ ಹೆಸರು, ಒಳ್ಳೆಯದೇ; ಆದರೆ ನಾನು ಅದರಲ್ಲಿ ಇರುವುದಿಲ್ಲ. ಅವನು ಬರೆಯುವಾಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ” ಎಂದರಂತೆ.